ಮೃತ್ಪಾತ್ರೆಯೂ ವೀರಸ್ಮರಣೆಯೂ

ಉಪಕಾರವನ್ನು ನೆನೆಯುವುದು ಮಾನವಧರ್ಮ. ನಾಡಿಗಾಗಿ ಪ್ರಾಣವನ್ನೊಪ್ಪಿಸಿದವರನ್ನು ಮರೆತ ಜನತೆಯು ಕೃತಘ್ನತೆಯೆಂಬ ದೋಷಕ್ಕೆ ಗುರಿಯಾಗುವುದು. ಆದುದರಿಂದಲೇ ಎಲ್ಲ ಕಾಲದ, ಎಲ್ಲ ದೇಶದ ಜನರೂ ವೀರರ ನೆನಪಿಗಾಗಿ ಒಂದಿಲ್ಲೊಂದು ಕುರುಹನ್ನು ನಿಲ್ಲಿಸುತ್ತ ಬಂದಿರುವರು. ಕೆಲವರು ಕಲ್ಲನ್ನು ಕಡೆದರು. ಕೆಲವರು ಲೋಹವನ್ನು ಎರೆದರು. ಕೆಲವರು ಮಣ್ಣನ್ನು ಸುಟ್ಟರು. ಕಲ್ಲು ಲೋಹಗಳ ಕುರುಹುಗಳು ಊರ ನಡುವೆ ನಿಲ್ಲುವುವು. ಸುಟ್ಟ ಮಣ್ಣಿನ ಕುರುಹಾದರೋ ಮನೆಯೊಳಗೆ ಬಂದು, ಅಡಿಗೆಯ ಮನೆಯ ಹಲಗೆಯ ಮೇಲೆ ಕುಳಿತುಕೊಳ್ಳುವುದು. ಅದರಿಂದ ಹುಟ್ಟುವ ಧರ್ಮಸಂಶಯವೂ ವಿಶೇಷವಾಗಿ ಗೃಹಸ್ಥರದೇ ಆಗಿರುವುದು.

ಗಂಗಾವತಿಯ ಸೀಮೆಯಲ್ಲಿ, ತುಂಗಭದ್ರೆಯ ಕಾಲುವೆಯ ನೀರುಂಡು ಬತ್ತ ಬೆಳೆಯುವ ಬಯಲಿನಲ್ಲಿ, ಶ್ರೀರಾಮನಗರವೆಂಬ ಊರುಂಟು. ಅಲ್ಲಿಯ ಒಬ್ಬ ಗೃಹಸ್ಥನ ಮನೆಯನ್ನು ದೃಷ್ಟಾಂತಕ್ಕಾಗಿ ಕಲ್ಪಿಸಿಕೊಳ್ಳಬಹುದು. ಮನೆಯ ಹುಡುಗನು ರಾಜ್ಯೋತ್ಸವದ ದಿನ ಓಟದಲ್ಲಿ ಗೆದ್ದು ಒಂದು ಪಿಂಗಾಣಿಯ ಕಪ್ಪನ್ನು ಬಹುಮಾನವಾಗಿ ತಂದನು. ಅದರ ಮೇಲೆ ಖಡ್ಗಪಾಣಿಯಾದ ಸಂಗೊಳ್ಳಿ ರಾಯಣ್ಣನ ಚಿತ್ರವಿತ್ತು. ಮೊದಲ ತಿಂಗಳು ಅದು ಗಾಜಿನ ಕಪಾಟಿನಲ್ಲಿತ್ತು. ಎರಡನೆಯ ತಿಂಗಳು ಅತಿಥಿಗಳ ಚಹಕ್ಕೆ ಇಳಿಯಿತು. ವರುಷ ತುಂಬುವಷ್ಟರಲ್ಲಿ ಎಲ್ಲ ಪಾತ್ರೆಗಳೊಡನೆ ಬೂದಿಯಿಂದ ತಿಕ್ಕಿಸಿಕೊಳ್ಳತೊಡಗಿತು. ಒಂದು ದಿನ ಅದರ ಹಿಡಿ ಮುರಿದು ಕಂಠದವರೆಗೆ ಬಿರುಕು ಬಿಟ್ಟಿತು. ಒಡೆದ ಪಾತ್ರೆ ಮನೆಯಲ್ಲಿರಬಾರದೆಂದು ಅತ್ತೆ ಹೇಳಿದಳು. ಸೊಸೆ ಅದನ್ನು ತಿಪ್ಪೆಗೆ ಚೆಲ್ಲಲು ಹಿತ್ತಲವರೆಗೆ ಹೋದಳು. ಹಿಂದಿನಿಂದ ಹುಡುಗನು, “ಯವ್ವಾ, ಅದು ರಾಯಣ್ಣ! ತಿಪ್ಪಿಗೆ ಒಗಿಬ್ಯಾಡ” ಎಂದು ಕೂಗಿದನು. ಆಕೆ ಅಲ್ಲಿಯೇ ನಿಂತಳು. ಇಟ್ಟುಕೊಳ್ಳುವಂತಿಲ್ಲ, ಎಸೆಯುವಂತಿಲ್ಲ.

ಆ ತಾಯಿಯ ಕೈಯಲ್ಲಿ ನಿಂತಿರುವ ಪ್ರಶ್ನೆಯು ಸಣ್ಣದಲ್ಲ. ವೀರನ ಮುಖವನ್ನು ಬರೆದ ಮಾತ್ರಕ್ಕೆ ಮಣ್ಣು ಪೂಜ್ಯವಾಗುವುದೆ? ಪೂಜ್ಯವಾಗುವುದಾದರೆ ಅದರಲ್ಲಿ ಚಹ ಕುಡಿದುದೇ ಅಪಚಾರವಾಗಬೇಕು. ಪೂಜ್ಯವಾಗದಿದ್ದರೆ ಆ ಹುಡುಗನ ಕೂಗಿಗೆ ಅರ್ಥವೇನು? ಶ್ರದ್ಧೆ ಎಲ್ಲಿ ಮುಗಿದು ವ್ಯಾಮೋಹ ಎಲ್ಲಿ ಮೊದಲಾಗುವುದು? ಇದನ್ನು ವಿಚಾರಿಸುವ ಮೊದಲು, ಮಣ್ಣಿನಲ್ಲಿ ನೆನಪನ್ನು ಇರಿಸುವ ಈ ಪದ್ಧತಿಯ ಪೂರ್ವೋತ್ತರವನ್ನು ಸ್ವಲ್ಪ ತಿಳಿದುಕೊಳ್ಳುವುದು ಯುಕ್ತವು.

ಸತ್ತವರಿಗಾಗಿ ಮಣ್ಣಿನ ಪಾತ್ರೆಯನ್ನಿಡುವುದು ಈ ಸೀಮೆಗೆ ಹೊಸದಲ್ಲ. ಗಂಗಾವತಿಗೆ ಸಮೀಪದ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ, ಎರಡು ಸಾವಿರ ವರುಷಗಳಿಗೂ ಹಿಂದಿನ ಜನರು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ನೂರಾರು ಶಿಲಾಗೃಹಗಳಿವೆ. ಅಂತಹ ಬೃಹತ್‌ಶಿಲಾಯುಗದ ಸಮಾಧಿಗಳಲ್ಲಿ ಕಪ್ಪು-ಕೆಂಪು ಬಣ್ಣದ ಮೃತ್ಪಾತ್ರೆಗಳು ದೊರೆಯುವುದನ್ನು ದಕ್ಷಿಣ ಭಾರತದ ಉತ್ಖನನಗಳು ತೋರಿಸಿವೆ. ಅವುಗಳ ಮೇಲೆ ಯಾರ ಮುಖವೂ ಇಲ್ಲ. ಹೊಳೆಯ ಆಚೆಯ ಹಂಪೆಯಲ್ಲಿ ಅಗೆದಾಗ ಚೀನ ದೇಶದ ಪಿಂಗಾಣಿಯ ಚೂರುಗಳು ಸಿಕ್ಕಿವೆ. ವಿಜಯನಗರದ ಶ್ರೀಮಂತರು ಅವುಗಳಲ್ಲಿ ಉಂಡರು. ಉಂಡವರು ಹೋದರು, ಅರಮನೆಗಳು ಬಿದ್ದವು, ಚೂರು ಮಾತ್ರ ಹೊಳಪು ಕೆಡದೆ ಉಳಿದಿದೆ. ಮಣ್ಣಿಗೆ ಬೆಂಕಿ ತಾಗಿದ ಮೇಲೆ ಅದು ಮತ್ತೆ ಮಣ್ಣಾಗಲಾರದೆಂಬುದು ಇದರಿಂದ ತಿಳಿಯುವುದು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವುಂಟು.

ಪಾತ್ರೆಯ ಮೇಲೆ ನಾಯಕರ ಮುಖವನ್ನು ಅಚ್ಚೊತ್ತಿ ಮಾರುವ ಉದ್ಯಮವು ಬೆಳೆದುದು ಇಂಗ್ಲೆಂಡಿನಲ್ಲಿ. 1756ರಲ್ಲಿ ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ ಎಂಬಿಬ್ಬರು, ಆರು ಗಂಟೆಗಳಲ್ಲಿ 1200ಕ್ಕೂ ಹೆಚ್ಚು ಬಿಲ್ಲೆಗಳ ಮೇಲೆ ಚಿತ್ರಗಳನ್ನು ಅಚ್ಚೊತ್ತಿದೆವೆಂದು ಪ್ರಮಾಣ ಮಾಡಿ ಹೇಳಿದರು. ಅಲ್ಲಿಂದ ಚಿತ್ರಕಾರನ ಕೈಗಿಂತ ಅಚ್ಚಿನ ಕೈ ಮುಂದಾಯಿತು. ಅಮೇರಿಕೆಯ ಜಾರ್ಜ್ ವಾಷಿಂಗ್ಟನ್ 1799ರಲ್ಲಿ ತೀರಿಕೊಂಡಾಗ ಅವನ ಸ್ಮಾರಕದ ಹೂಜಿಗಳು ಇಂಗ್ಲೆಂಡಿನಿಂದಲೇ ಹಡಗೇರಿ ಅಮೇರಿಕೆಗೆ ಹೋದವು. ವಾಷಿಂಗ್ಟನ್ ಯಾರೊಡನೆ ಕಾದಿದನು? ಇಂಗ್ಲೆಂಡಿನೊಡನೆಯೇ. ತನ್ನ ದೊರೆಯನ್ನು ಸೋಲಿಸಿದವನ ಮುಖವನ್ನು ಇಂಗ್ಲಿಷ್ ಕುಶಲಕರ್ಮಿಯು ಶ್ರದ್ಧೆಯಿಂದ ಬರೆದನೆಂದು ಹೇಳಲಾಗದು. ಕೊಳ್ಳುವವರಿದ್ದರು, ಆದುದರಿಂದ ಬರೆದನು.

ಇದಕ್ಕಿಂತಲೂ ಮನಸ್ಸಿಗೆ ನಾಟುವ ಸಂಗತಿಯು 1824ನೆಯ ಇಸವಿಯದು. ಅಮೇರಿಕೆಯ ಸ್ವಾತಂತ್ರ್ಯಕ್ಕಾಗಿ ಹೋರಾಡಿದ್ದ ಫ್ರೆಂಚ್ ಸೇನಾನಿ ಲಫಾಯೆತ್ ಆ ವರುಷದ ಆಗಸ್ಟ್ 16ರಂದು ನ್ಯೂಯಾರ್ಕಿನಲ್ಲಿ ಬಂದಿಳಿದನು. ಸ್ಟ್ಯಾಫರ್ಡ್‌ಶೈರಿನ ಕ್ಲೂಸ್ ಸೋದರರು ಆ ದೃಶ್ಯವನ್ನು ನೀಲಿ ಬಣ್ಣದಲ್ಲಿ ತಟ್ಟೆಗಳ ಮೇಲೆ ಅಚ್ಚೊತ್ತಿ ರಾಶಿರಾಶಿಯಾಗಿ ಮಾರಿದರು. ಅದೇ ವರುಷದ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಸೈನ್ಯವು ಕಂಪನಿಯ ದಂಡನ್ನು ಸೋಲಿಸಿತು. ಧಾರವಾಡದ ಕಲೆಕ್ಟರನಾದ ಥ್ಯಾಕರೆ ಅಲ್ಲಿಯೇ ಹತನಾದನು. ಎರಡು ಕಡೆಯೂ ಒಂದೇ ಸ್ವಾತಂತ್ರ್ಯದ ಹಂಬಲ, ಎದುರು ನಿಂತವರೂ ಒಂದೇ ರಾಷ್ಟ್ರದವರು. ಆದರೆ ಒಂದಕ್ಕೆ ತಟ್ಟೆಗಳು ಹುಟ್ಟಿದವು. ಇನ್ನೊಂದಕ್ಕೆ ಸೆರೆಮನೆ ಕಾದಿತ್ತು. ಚೆನ್ನಮ್ಮನು 1829ರ ಫೆಬ್ರುವರಿ 2ರಂದು ಬೈಲಹೊಂಗಲದಲ್ಲಿ ಬಂಧನದಲ್ಲಿಯೇ ಕಣ್ಣು ಮುಚ್ಚಿದಳು. ಆಕೆಯ ನಂಬುಗೆಯ ಬಂಟನಾದ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ನಂದಗಡವು ಇರುವುದು ಖಾನಾಪುರ ತಾಲೂಕಿನಲ್ಲಿ. ಖಾನಾಪುರವಾದರೋ ಪಾತ್ರೆಗೆ ಒದಗುವ ಒಳ್ಳೆಯ ಮಣ್ಣಿಗೂ ಕುಂಬಾರಿಕೆಗೂ ಹೆಸರಾದ ಸ್ಥಳ. ಅಂತಹ ಮಣ್ಣು ಕಾಲ ಬುಡದಲ್ಲಿಯೇ ಇದ್ದರೂ ರಾಯಣ್ಣನ ಹೆಸರನ್ನು ಅಂದು ಹೊತ್ತು ನಡೆದುದು ಜನರ ನಾಲಗೆ, ಲಾವಣಿಗಾರರ ಕೊರಳು. ಪಿಂಗಾಣಿಯಿಲ್ಲದೆಯೇ ಆ ನೆನಪು ಎರಡು ಶತಮಾನಗಳ ದಾರಿಯನ್ನು ನಡೆದು ಬಂದಿರುವುದು. ಆದುದರಿಂದ ನೆನಪಿಗೆ ಪಾತ್ರೆ ಆಧಾರವೆಂಬ ಮಾತು ನಿಲ್ಲಲಾರದು.

ಹಾಗೆಂದು ಚಿತ್ರಿತ ಮೃಣ್ಮಯವೆಲ್ಲವೂ ನಿಷ್ಪ್ರಯೋಜಕವೆಂದು ತೀರ್ಮಾನಿಸುವುದೂ ಅವಸರವಾದೀತು. 1787ರಲ್ಲಿ ಜೋಸೈಯ ವೆಜ್‌ವುಡ್ ಎಂಬ ಪ್ರಸಿದ್ಧ ಇಂಗ್ಲಿಷ್ ಪಾತ್ರೆಗಾರನು, ಸಂಕೋಲೆಯಲ್ಲಿ ಮೊಣಕಾಲೂರಿ ಕುಳಿತ ಒಬ್ಬ ಗುಲಾಮನ ಆಕೃತಿಯುಳ್ಳ ಸಣ್ಣ ಬಿಲ್ಲೆಗಳನ್ನು ಮಾಡಿಸಿ ಹಂಚಿದನು. ತಾನೂ ಮನುಷ್ಯನಲ್ಲವೆ, ಸೋದರನಲ್ಲವೆ ಎಂಬುದು ಆ ಬಿಲ್ಲೆಯ ಮೇಲಿನ ಗುಲಾಮನ ಪ್ರಶ್ನೆ. ಸ್ತ್ರೀಯರು ಅದನ್ನು ಕೈಕಡಗದಲ್ಲಿ, ತಲೆಯ ಪಿನ್ನಿನಲ್ಲಿ ಕೂಡಿಸಿಕೊಂಡು ತೊಟ್ಟರು. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂಬ ಕೂಗು ಮನೆಮನೆಗೂ ಮುಟ್ಟಲು ಅದು ನೆರವಾಯಿತು. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿತು. ಅದರ ಮೇಲಿದ್ದವನು ರಾಜನಲ್ಲ, ದಂಡನಾಯಕನಲ್ಲ. ಹೆಸರೇ ಇಲ್ಲದ ದೀನನು. ತೊಟ್ಟವರಿಂದ ಆ ಬಿಲ್ಲೆಯು ಉತ್ತರವನ್ನು ಬೇಡುತ್ತಿತ್ತು. ಆದುದರಿಂದ ಅದು ಸಾರ್ಥಕವಾಯಿತು.

ಇದಕ್ಕೆ ವಿಪರೀತವಾದ ದೃಷ್ಟಾಂತವು ಚೀನದ್ದು. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಮಾವೋ ನಾಯಕನ ಪಿಂಗಾಣಿಯ ಪ್ರತಿಮೆಗಳು ಅಲ್ಲಿಯ ಮನೆಮನೆಗಳಲ್ಲಿ ತುಂಬಿದುವು. ಕೈತಪ್ಪಿ ಒಂದು ಪ್ರತಿಮೆಯನ್ನು ಒಡೆದುದಕ್ಕಾಗಿ ದಂಡನೆಗೆ ಗುರಿಯಾದವರೂ ಉಂಟು. ಮಣ್ಣಿಗೆ ಮರ್ಯಾದೆ ಹೆಚ್ಚಿ ಮನುಷ್ಯನ ಮರ್ಯಾದೆ ಇಳಿದಾಗ ಆಗುವ ಅನರ್ಥವಿದು. ಗೌರವವೆಂದು ಮೊದಲಾದುದು ಭಯವಾಗಿ ಮುಗಿಯಿತು.

ಈಗ ಆ ಕಪ್ಪು ಹುಟ್ಟುವ ಬಗೆಯನ್ನು ನೋಡಬೇಕು. ಅದರಲ್ಲಿಯೇ ಒಂದು ಉಪದೇಶವಡಗಿದೆ. ಹಳೆಯ ನೀಲಿ ತಟ್ಟೆಗಳ ಚಿತ್ರವು ಹೊಳಪಿನ ಲೇಪದ ಅಡಿಯಲ್ಲಿರುವುದು. ಒಮ್ಮೆ ಸುಟ್ಟ ಒರಟು ತಟ್ಟೆಯ ಮೇಲೆ ಚಿತ್ರವನ್ನೊತ್ತಿ, ಅದರ ಮೇಲೆ ಗಾಜಿನಂತಹ ಲೇಪವನ್ನು ಹೂಡಿ, 1000 ಡಿಗ್ರಿಗೂ ಮೀರಿದ ಬೆಂಕಿಯಲ್ಲಿ ಮತ್ತೆ ಸುಡುವರು. ಅಂತಹ ತಾಪವನ್ನು ಎಲ್ಲ ಬಣ್ಣಗಳೂ ತಾಳಲಾರವು. ಕೋಬಾಲ್ಟಿನ ನೀಲಿಯು ತಾಳುವುದು. ಈ ಅಗ್ನಿಪರೀಕ್ಷೆಯನ್ನು ದಾಟಿದ ಚಿತ್ರವನ್ನು ನೂರು ವರುಷ ತಿಕ್ಕಿದರೂ ಅಳಿಸಲಾಗದು. ತಟ್ಟೆ ಒಡೆದರೆ ಪ್ರತಿಯೊಂದು ಚೂರಿನಲ್ಲಿಯೂ ಆ ನೀಲಿ ಉಳಿಯುವುದು. ಇಂದಿನ ಪೇಟೆಯ ಚಿತ್ರದ ಕಪ್ಪಿನ ಬಗೆಯೇ ಬೇರೆ. ಸಿದ್ಧವಾದ ಬಿಳಿಯ ಕಪ್ಪಿಗೆ ತೆಳುವಾದ ಒಂದು ಕೃತಕ ಲೇಪವಿರುವುದು. ಕಾಗದದ ಮೇಲೆ ಮುದ್ರಿಸಿದ ಚಿತ್ರವನ್ನು ಅದಕ್ಕೆ ಸುತ್ತಿ, 200 ಡಿಗ್ರಿಯ ಆಸುಪಾಸಿನ ಕಾವಿನಲ್ಲಿ ಕೆಲವು ನಿಮಿಷ ಒತ್ತಿದರೆ ಬಣ್ಣವು ಆ ಲೇಪಕ್ಕೆ ಇಳಿಯುವುದು. ಬೆಳಿಗ್ಗೆ ಕೇಳಿದವನಿಗೆ ಮಧ್ಯಾಹ್ನಕ್ಕೆ ಕೊಡಬಹುದು. ಯಾರ ಮುಖವನ್ನಾದರೂ ಹಾಕಬಹುದು. ಆದರೆ ನಾರು, ಬೂದಿಗಳ ತಿಕ್ಕಾಟದಲ್ಲಿ ಅದು ದಿನದಿನಕ್ಕೂ ಮಾಸುವುದು. ಮೊದಲು ಖಡ್ಗ ಮಾಸುವುದು, ಆಮೇಲೆ ಕಣ್ಣು.

ಮನುಷ್ಯನ ಸ್ಮರಣೆಯೂ ಹೀಗೆಯೇ ಎರಡು ಬಗೆಯದು. ಜಯಂತಿಯ ದಿನ ಅಂಟಿಸಿಕೊಂಡ ನೆನಪು ಮೇಲಿನದು. ಮರುದಿನದ ಸಂಸಾರದ ತಿಕ್ಕಾಟವನ್ನೇ ತಾಳದು. ಆಚಾರವಾಗಿ ಒಳಗಿಳಿದು, ಕಷ್ಟದ ಉರಿಯಲ್ಲಿ ಬೆಂದ ನೆನಪು ಲೇಪದ ಅಡಿಯ ನೀಲಿಯಂತಹುದು. ದೇಹವು ಒಡೆದರೂ ಅದು ಅಳಿಯದು. ಶರಣರು ಅರಿವು, ಆಚಾರಗಳನ್ನು ಬೇರ್ಪಡಿಸದೆ ಹೇಳಿದುದರ ಮರ್ಮವೂ ಇದೇ ಆಗಿದೆ. ಆಚಾರವಿಲ್ಲದ ಅರಿವು ಮೇಲೆ ಅಂಟಿಸಿದ ಬಣ್ಣದಂತೆ.

ಮಡಕೆಯ ವಿಷಯದಲ್ಲಿ ಪ್ರಮಾಣವನ್ನು ಕೇಳುವವರಿಗೆ ಕುಂಬಾರ ಗುಂಡಯ್ಯನ ಚರಿತೆಯು ಸಾಕು. ಭಲ್ಲುಕೆಯೆಂಬ ಊರಿನ, ಈಗಿನ ಬೀದರ ಜಿಲ್ಲೆಯ ಭಾಲ್ಕಿಯ, ಆ ಶರಣನ ಕಥೆಯನ್ನು ಹರಿಹರನು ರಗಳೆಯಲ್ಲಿ ಹೇಳಿರುವನು. ಗುಂಡಯ್ಯನು ತಿಗರಿಯನ್ನು ತಿರುಗಿಸಿ ಮಡಕೆ ಮಾಡುವನು, ಮಡಕೆಯನ್ನು ಬಾರಿಸುವನು, ಆ ನಾದಕ್ಕೆ ಮೈಮರೆತು ಕುಣಿಯುವನು. ಅದನ್ನು ಕಂಡು ಪರಶಿವನೇ ಇಳಿದು ಬಂದು ಅವನೆದುರು ಕುಣಿದನೆಂದು ಕಥೆ. ಆ ಮಡಕೆಯ ಮೇಲೆ ಶಿವನ ಚಿತ್ರವಿದ್ದಿತೆಂದು ಎಲ್ಲಿಯೂ ಹೇಳಿಲ್ಲ. ಶಿವನನ್ನು ಕರೆದುದು ಕಾಯಕದಿಂದ ಹದಗೊಂಡ ಮಡಕೆಯ ನಾದ. ಇಂದಿಗೂ ಮಡಕೆ ಕೊಳ್ಳುವ ಗೃಹಿಣಿಯು ಮೊದಲು ಬೆರಳಿನಿಂದ ತಟ್ಟಿ ನೋಡುವಳು. ಸರಿಯಾಗಿ ಬೆಂದ ಮಡಕೆ ಗಣಗಣನೆ ನುಡಿಯುವುದು. ಒಳಗೆ ಬಿರುಕಿದ್ದರೆ ಮೇಲೆ ಎಷ್ಟು ಚೆಲುವಾಗಿದ್ದರೂ ಬದ್ದ ನಾದ ಹೊರಡುವುದು. ಚಿತ್ರವನ್ನು ನೋಡಿ ಮಡಕೆ ಕೊಂಡವನು ಮನೆಗೆ ಬಂದು ನೀರು ತುಂಬಿದಾಗ ಸತ್ಯವನ್ನು ಅರಿಯುವನು.

ಇಲ್ಲಿ ಒಂದು ಆಕ್ಷೇಪವು ಏಳುವುದು. “ಸದ್ಭಕ್ತರು ಧರಿಸುವ ಇಷ್ಟಲಿಂಗವೂ ಕಣ್ಣಿಗೆ ಕಾಣುವ ಕುರುಹೇ ಅಲ್ಲವೆ? ಕುರುಹನ್ನು ಹಿಡಿದವರು ಇನ್ನೊಬ್ಬರ ಕುರುಹನ್ನು ಹಳಿಯಬಹುದೆ?” ಎಂದು ಕೇಳಬಹುದು. ಪ್ರಶ್ನೆಯು ನ್ಯಾಯವಾದುದು. ಕುರುಹು ದೋಷವೆಂದು ಶರಣಧರ್ಮವು ಹೇಳಲಿಲ್ಲ. ಆದರೆ ಇಷ್ಟಲಿಂಗವು ಅಂಗಡಿಯಿಂದ ತಂದು ಕಪಾಟಿನಲ್ಲಿಡುವ ವಸ್ತುವಲ್ಲ. ಗುರುವು ದೀಕ್ಷೆಯಿತ್ತು ಕರಸ್ಥಲಕ್ಕೆ ಕೊಟ್ಟುದು ಅದು. ದಿನದಿನವೂ ಪೂಜೆಯನ್ನು, ದಿಟದ ಕಾಯಕವನ್ನು, ಜಂಗಮದಾಸೋಹವನ್ನು ಬೇಡುವುದು. ಕುರುಹಿನಿಂದ ಅರಿವಿಗೆ ಏರುವ ಮೆಟ್ಟಿಲುಗಳನ್ನು ಅದಕ್ಕೆ ಕಟ್ಟಲಾಗಿದೆ. ವೀರನ ಕಪ್ಪಿಗೂ ಅಂತಹ ಮೆಟ್ಟಿಲನ್ನು ಯಾರಾದರೂ ಕಟ್ಟಿದರೆ ಅದೂ ಉಪಯುಕ್ತವಾದೀತು. ಕೇವಲ ಕೊಂಡು ಇಟ್ಟವನಿಂದ ಅದು ಏನನ್ನೂ ಬೇಡುವುದಿಲ್ಲ. ಬೇಡದ ಕುರುಹು ಕ್ರಮೇಣ ಸಾಲ ತೀರಿತೆಂಬ ಭ್ರಾಂತಿಯನ್ನು ಹುಟ್ಟಿಸುವುದು. ಚಿತ್ರವುಳ್ಳ ಕುರುಹಿನ ದೊಡ್ಡ ಅಪಾಯವಿದೇ.

ಬಸವಣ್ಣನವರ ಹೆಸರಿನಲ್ಲಿಯೇ ಇದನ್ನು ಪರೀಕ್ಷಿಸಬಹುದು. 2006ರಲ್ಲಿ ಭಾರತ ಸರಕಾರವು ಬಸವೇಶ್ವರರ ಸ್ಮಾರಕವಾಗಿ 5 ರೂಪಾಯಿಯ ನಾಣ್ಯವನ್ನೂ 100 ರೂಪಾಯಿಯ ನಾಣ್ಯವನ್ನೂ ಹೊರಡಿಸಿತು. 2024ರ ಜನವರಿಯಲ್ಲಿ ಕರ್ನಾಟಕ ಸರಕಾರವು ಅವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಸಾರಿತು. ಇವೆರಡೂ ಸಂತೋಷದ ಸಂಗತಿಗಳೇ. ಆದರೆ ಆ 5 ರೂಪಾಯಿಯ ನಾಣ್ಯವು ಹಸಿದವನ ಕೈಗೆ ಹೋದೀತು, ಲಂಚದ ಕೈಗೂ ಹೋದೀತು. ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಯ ಪೆಟ್ಟಿಗೆಯಲ್ಲಿಯೂ ಅದೇ ಮುಖವು ಮೇಲ್ಮುಖವಾಗಿ ಬಿದ್ದಿದ್ದೀತು. ನಾಣ್ಯವು ತಡೆಯದು. ಕೊಡುವ ಕೈಯನ್ನು ತಡೆಯಬೇಕಾದುದು ಕೊಡುವವನ ಮನಸ್ಸೇ.

ರಾಜಶಾಸನವೂ ಈ ವಿಷಯದಲ್ಲಿ ಸ್ವಲ್ಪ ದೂರ ಮಾತ್ರ ನಡೆಯಬಲ್ಲುದು. ಲಾಂಛನ ಮತ್ತು ಹೆಸರುಗಳ ಅನುಚಿತ ಬಳಕೆಯನ್ನು ತಡೆಯುವ 1950ರ ಕಾಯಿದೆಯು, ಛತ್ರಪತಿ ಶಿವಾಜಿ, ಮಹಾತ್ಮ ಗಾಂಧಿ, ಜವಾಹರಲಾಲ ನೆಹರೂ, ಇಂದಿರಾ ಗಾಂಧಿ ಇವರ ಹೆಸರನ್ನಾಗಲಿ ಚಿತ್ರವನ್ನಾಗಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ವಿಧಿಸಿದೆ. ಸರಕಿನ ಜಾಹೀರಾತಿಲ್ಲದ ಕ್ಯಾಲೆಂಡರಿಗೆ ಮಾತ್ರ ವಿನಾಯಿತಿಯುಂಟು. ನಾಯಕರ ಪಟ್ಟಿಯಲ್ಲಿರುವ ಹೆಸರುಗಳು ಕೆಲವೇ. ಊರೂರಿನ ವೀರರು ಅನೇಕರು. ಅಲ್ಲದೆ ಕಾಯಿದೆಯು ಮಾರುವವನನ್ನು ಕೇಳೀತೇ ಹೊರತು, ಕೊಂಡು ಮರೆತವನನ್ನು ಕೇಳದು. ಆ ಕೇಳಿಕೆಯನ್ನು ಮನೆಯ ಹಿರಿಯರೇ ಕೇಳಬೇಕು.

ಹಿತ್ತಲಿನಲ್ಲಿ ನಿಂತ ಆ ತಾಯಿಗೆ ಈಗ ಉತ್ತರವನ್ನು ಹೇಳಬಹುದು. ಒಡೆದ ಮಣ್ಣನ್ನು ಮನೆಯಿಂದ ಹೊರಗಿಡುವುದು ಪಾಪವಲ್ಲ. ರಾಯಣ್ಣನು ಆ ಕಪ್ಪಿನಲ್ಲಿ ವಾಸವಾಗಿರಲಿಲ್ಲ, ಆದುದರಿಂದ ಅದರೊಡನೆ ಒಡೆಯಲೂ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬುದು ಮಡಕೆಯ ಧರ್ಮ. ಆದರೆ ಹುಡುಗನ ಕೂಗನ್ನು ತುಳಿಯಬಾರದು. ಆ ಕೂಗಿನಲ್ಲಿ ಕೃತಜ್ಞತೆಯ ಮೊಳಕೆಯಿದೆ. ತಿರಸ್ಕಾರದಿಂದ ಎಸೆದರೆ ಮೊಳಕೆ ಬಾಡುವುದು. ಇನ್ನು ಕೆಲವರು, ಗಣಪತಿಯನ್ನು ಬಿಡುವಂತೆ ನೀರಿನಲ್ಲಿ ಬಿಟ್ಟರಾಯಿತೆಂದು ಕಾಲುವೆಯ ಕಡೆ ಕೈ ತೋರಿಸಬಹುದು. ಅದು ಸರ್ವಥಾ ಕೂಡದು. ಹಸಿಯ ಮಣ್ಣಿನ ಮೂರ್ತಿ ನೀರಿನಲ್ಲಿ ಕರಗುವುದು. ಸುಟ್ಟ ಮಣ್ಣು ಕರಗದೆಂದು ಹಂಪೆಯ ಚೂರುಗಳೇ ಸಾಕ್ಷಿ ನುಡಿಯುತ್ತಿವೆ. ಕಾಲುವೆಗೆ ಬಿಟ್ಟ ಪಿಂಗಾಣಿ ಇಂದಲ್ಲ ನಾಳೆ ಕೆಸರಿನೊಡನೆ ಯಾರದೋ ಗದ್ದೆಯನ್ನು ಸೇರುವುದು. ಅಲ್ಲಿ ಬರಿಗಾಲಿನಲ್ಲಿ ನಾಟಿ ಮಾಡುವ ಹೆಣ್ಣುಮಗಳ ಅಂಗಾಲನ್ನು ಅದು ಸೀಳೀತು. ರೈತರ ಮಕ್ಕಳಿಗಾಗಿ ಕಾದಿ ಮಡಿದವನ ಮುಖದ ಚೂರು ಕೂಲಿಯವಳ ಕಾಲನ್ನು ಕೊಯ್ದರೆ, ಅದಕ್ಕಿಂತ ದೊಡ್ಡ ಅವಮಾನ ಆ ವೀರನಿಗೆ ಬೇರೆ ಯಾವುದು?

ಆದುದರಿಂದ ಆಕೆ ಮಾಡಬೇಕಾದುದು ಬಹಳ ಸುಲಭ. ಆ ಕಪ್ಪಿನ ತಳಕ್ಕೆ ಒಂದು ತೂತು ಮಾಡಿ, ಹಿತ್ತಲಿನ ಮಣ್ಣನ್ನು ತುಂಬಿ, ಮಗನ ಕೈಯಿಂದಲೇ ಒಂದು ಬಿಲ್ವದ ಬೀಜವನ್ನು ಊರಿಸಲಿ. ನಂದಗಡದಲ್ಲಿ ರಾಯಣ್ಣನ ಸಮಾಧಿಯ ಬಳಿ ಒಂದು ಆಲದ ಮರವುಂಟು. ಜನರು ಅಲ್ಲಿಗೆ ಭಕ್ತಿಯಿಂದ ಹೋಗುವರು. ಆ ಮರದ ಕಥೆಯನ್ನು, ಕಿತ್ತೂರಿನ ಕಥೆಯನ್ನು, ನೀರೆರೆಯುವಾಗ ಹುಡುಗನಿಗೆ ಹೇಳಲಿ. ಸಸಿಯು ದೊಡ್ಡದಾದಾಗ ಅದನ್ನು ನೆಲಕ್ಕೆ ಇಳಿಸಬೇಕಾಗುವುದು. ಆಗ ಕಪ್ಪಿನ ಕೆಲಸ ಮುಗಿಯುವುದು, ಅದನ್ನು ಯಾರ ಕಾಲಿಗೂ ತಾಗದಂತೆ ಆಳವಾಗಿ ಹೂಳಬಹುದು. ಅಷ್ಟರಲ್ಲಿ ಚಿತ್ರವು ಮಾಸಿ ಹೋಗಿರಬಹುದು. ಹುಡುಗನು ಅನ್ಯಾಯವನ್ನು ಕಂಡಾಗ ಬಾಯಿ ಮುಚ್ಚಿಕೊಳ್ಳದವನಾಗಿ ಬೆಳೆದಿದ್ದರೆ, ಆ ಮಾಸುವಿಕೆಗಾಗಿ ದುಃಖಿಸುವ ಕಾರಣವಿಲ್ಲ.

ಉತ್ಸವ ಜಯಂತಿಗಳನ್ನು ನಡೆಸುವ ಊರ ಹಿರಿಯರೂ ಇದನ್ನು ವಿಚಾರಿಸುವುದು ಒಳಿತು. ನೂರು ಕಪ್ಪುಗಳಿಗೆ ಕೊಡುವ ಹಣದಲ್ಲಿ ಬಡ ವಿದ್ಯಾರ್ಥಿಗೆ ಪುಸ್ತಕವನ್ನು ಕೊಡಿಸಬಹುದು, ಒಂದು ಹೊತ್ತಿನ ಅನ್ನದಾಸೋಹವನ್ನು ನಡೆಸಬಹುದು. ಕೊಡುವುದು ಪಾತ್ರೆಯೇ ಆಗಬೇಕೆಂದಿದ್ದರೆ ಊರ ಕುಂಬಾರನ ಹರವಿಯನ್ನೇ ಕೊಂಡು ಬಸ್ಸು ನಿಲ್ಲುವ ಕಡೆ ನೀರಿನ ಅರವಟ್ಟಿಗೆಯನ್ನಿಟ್ಟು, ಅದಕ್ಕೆ ಚೆನ್ನಮ್ಮನ ಹೆಸರನ್ನೋ ರಾಯಣ್ಣನ ಹೆಸರನ್ನೋ ಇಡಬಹುದು. ಕುಂಬಾರನ ಕಾಯಕವೂ ನಡೆಯುವುದು, ಬಾಯಾರಿದವರ ದಾಹವೂ ತೀರುವುದು. ಆ ಹರವಿಯ ಮೇಲೆ ಚಿತ್ರವಿಲ್ಲದಿದ್ದರೂ ಚಿಂತೆಯಿಲ್ಲ. ಬೇಸಗೆಯಲ್ಲಿ ನೀರು ಕುಡಿದವನು, ಇದು ಯಾರ ಹೆಸರಿನದೆಂದು ತಾನಾಗಿ ಕೇಳುವನು. ಹೇಳುವವರು ಅಲ್ಲಿರಬೇಕು, ಹೇಳಿದಂತೆ ನಡೆಯುವವರೂ ಇರಬೇಕು. ಸದ್ಭಕ್ತರು ತಮ್ಮ ಮನೆಯ ಕಪಾಟಿನ ಕಡೆ ಒಮ್ಮೆ ನೋಡಿ, ಅಲ್ಲಿರುವ ಮುಖಗಳು ತಮ್ಮನ್ನು ಏನು ಬೇಡುತ್ತಿವೆಯೆಂಬುದನ್ನು ಏಕಾಂತದಲ್ಲಿ ವಿಚಾರಿಸಿಕೊಳ್ಳಲಿ. ಶುಭಮಸ್ತು.